ಅತ್ತೆಗೆ ಕಾಣುವುದು ಬರೀ ಕಣ್ಣು!

ನಮ್ಮ ಸೋದರತ್ತೆ ಯಾರ ಮುಖವನ್ನೂ ನೋಡಿದವರಲ್ಲ! ಅಹಂಕಾರವಲ್ಲ ಸ್ವಾಮಿ, ಅವರು ನೋಡುತ್ತಿದ್ದುದು ಬರೀ ಕಣ್ಣು. ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ಕುವೆಂಪುನಗರದ ನಮ್ಮ ಮನೆಯಿಂದ ದಿನಾ ಸ್ಕೂಟರಿನಲ್ಲಿ ಲ್ಯಾಬಿಗೆ ಹೋಗುತ್ತಿದ್ದರು. ದೇಹದ ಕಾವಲು ಪಡೆಯೇ ದಾರಿ ತಪ್ಪಿ ಸ್ವಂತ ಕಣ್ಣಿನ ಮೇಲೆ ಬೀಳುವ ಕಾಯಿಲೆಯ ಬಗ್ಗೆ ಅವರ ಸಂಶೋಧನೆ.

ಅವರನ್ನು ನೋಡಲು ನಜರ್‌ಬಾದಿನಿಂದ ಒಬ್ಬ ವರ ಬಂದ. ಅತ್ತೆ ಕಾಫಿ ಲೋಟ ಬದಿಗಿಟ್ಟು, ಟಾರ್ಚ್ ಹಿಡಿದು, "ಎಡಗಣ್ಣು ಕೆಂಪಗಿದೆಯಲ್ಲ, ಬೆಳಕು ಚುಚ್ಚತ್ತಾ?" ಎಂದರು. ಹೆಣ್ಣು ನೋಡಲು ಬಂದವನನ್ನು ಹೆಣ್ಣೇ ನೋಡಿ ಕಳಿಸಿದ್ದು ನಮ್ಮ ವಂಶದಲ್ಲಿ ಅದೇ ಮೊದಲು!

ರೋಗಿಗಳ ರಕ್ತದ ಜೊತೆ ಹೋಲಿಸಲು ಆರೋಗ್ಯವಂತರ ರಕ್ತವೂ ಬೇಕಿತ್ತು. ನಮ್ಮ ಬಂಧುಗಳೆಲ್ಲ ಆರೋಗ್ಯವಂತರೇ, ಅತ್ತೆ ಕೇಳುವವರೆಗೆ! ಕೇಳಿದೊಡನೆ ಒಬ್ಬರಿಗೆ ತಲೆಸುತ್ತು, ಇನ್ನೊಬ್ಬರಿಗೆ ಏಕಾದಶಿ.

ಅತ್ತೆಯ ಬಾಯಲ್ಲಿ ಸದಾ ಆರ್‌ಎನ್‌ಎ ಜಪ. ಒಮ್ಮೆ ಅಜ್ಜಿ ಮಗಳನ್ನು ಕೇಳಿಯೇಬಿಟ್ಟರು: "ಅದೇನೇ ಅದು, ಆರ್‌ಎನ್‌ಎ?"

"ಜೀವಕೋಶದೊಳಗೆ ಇಂಥ ಪ್ರೋಟೀನ್ ಮಾಡು ಅಂತ ಚೀಟಿ ಹೋಗತ್ತಮ್ಮ. ಪುಟಾಣಿ ಆರ್‌ಎನ್‌ಎ ಆ ಚೀಟೀನ ದಾರೀಲೇ ತಡೆಯತ್ತೆ. ಈ ತಡೆಯೋದು ಹೆಚ್ಚುಕಮ್ಮಿ ಆದ್ರೆ ಕಣ್ಣಲ್ಲಿ ಉರಿಯೂತ."

"ನಮ್ಮತ್ತೇನೂ ಅಂಗೇ ಇದ್ರು ಬುಡು. ಅಡುಗೆಮನೇಲಿ ನಾನೇನ್ ಮಾಡಕ್ಕೋದ್ರೂ ತಡೆಯೋರು!"

ಹೀಗೆ ನಗುತ್ತಿದ್ದಾಗಲೇ ಒಂದು ಬೆಳಿಗ್ಗೆ ನನ್ನ ಬಲಗಣ್ಣು ಕೆಂಪಾಗಿ ಮಂಜಾಯಿತು. "ಮದ್ರಾಸ್ ಐ ಕಣೋ, ತಾನಾಗೇ ಹೋಗತ್ತೆ" ಎಂದರು ಅಮ್ಮ. ಅತ್ತೆ ಕಣ್ಣಿಗೆ ಟಾರ್ಚ್ ಬಿಟ್ಟರು. ನಾನು ಚೀರಿದೆ. ಅವರು ನನ್ನನ್ನು ಹಿಂದೆ ಕೂರಿಸಿಕೊಂಡು ಸ್ಕೂಟರ್ ತೆಗೆದರು. ಸ್ಕೂಟರ್ ಲ್ಯಾಬಿನ ದಾರಿ ಬಿಟ್ಟು ಕಣ್ಣಾಸ್ಪತ್ರೆಯತ್ತ ತಿರುಗಿದ್ದು ಕಂಡೇ ನನಗೆ ಭಯವಾಗಿದ್ದು!

ಕಣ್ಣಿನ ಡಾಕ್ಟರು ಪರೀಕ್ಷಿಸಿ, ಅತ್ತೆ ಸಂಶೋಧಿಸುತ್ತಿದ್ದ ಅದೇ ಕಾಯಿಲೆ ಎಂದರು. ತಡಮಾಡಿದ್ದರೆ ದೃಷ್ಟಿಗೇ ಅಪಾಯವಿತ್ತಂತೆ. ಗಂಟೆಗೊಮ್ಮೆ ಔಷಧಿಯ ಹನಿ ಹಾಕಬೇಕಿತ್ತು.

"ಅತ್ತೆ, ನಿಮ್ಮ ಪುಟಾಣಿ ಆರ್‌ಎನ್‌ಎಯಿಂದ ಇದು ವಾಸಿ ಆಗಲ್ವಾ?"

"ಗೊತ್ತಿಲ್ಲ ಕಣೋ. ಇನ್ನೂ ಹುಡುಕ್ತಾ ಇದೀವಿ. ವರ್ಷಗಟ್ಟಲೆ ಬೇಕು. ಅಲ್ಲೀವರ್ಗೂ ನಿನ್ನ ಕಣ್ಣು ಕಾಯಲ್ಲ. ಮೇಲೆ ನೋಡು" ಎಂದು ಹನಿ ಬಿಟ್ಟರು.

ದಸರೆಗೂ ರಜೆ ಹಾಕದ ಅತ್ತೆ ಎರಡು ವಾರ ಲ್ಯಾಬಿನ ಕಡೆ ತಲೆ ಹಾಕಲಿಲ್ಲ. ಅಮ್ಮ ಹನಿ ಹಾಕುತ್ತೇನೆಂದರೂ ಬಾಟಲಿ ಕೊಡಲಿಲ್ಲ. ಕೊನೆಗೊಂದು ದಿನ ಬಲಗಣ್ಣಿನ ಮಂಜು ಸರಿದು, ನನ್ನ ಮೇಲೆ ಬಗ್ಗಿದ್ದ ಅವರ ಮುಖ ಆ ಕಣ್ಣಿಗೂ ನಿಚ್ಚಳವಾಗಿ ಕಂಡಿತು. ನಿದ್ದೆಗೆಟ್ಟು ಅತ್ತೆಯ ಎರಡು ಕಣ್ಣೂ ಕೆಂಪಗಿದ್ದವು.