ಎತ್ವದ ಉಪಕಾರ

ಎಲ್ಲ ಅನಾಹುತಕ್ಕೂ ಕಾರಣ ಒಂದು ಎತ್ವ. ಅಕ್ಷರದ ನೆತ್ತಿಯ ಮೇಲೆ ತೆಪ್ಪಗೆ ಕೂರುವ ಆ ಪುಟ್ಟ ಕೊಂಕು ಒಬ್ಬ ಮನುಷ್ಯನನ್ನು ನೀರಿನ ಡ್ರಮ್ಮಿಗೆ ಬೀಳಿಸಬಲ್ಲದು ಎಂದು ಯಾವ ವ್ಯಾಕರಣದ ಮೇಷ್ಟ್ರೂ ಹೇಳಿಕೊಟ್ಟಿರಲಿಲ್ಲ.

ಬಿದ್ದವರನ್ನು ಓಣಿಯವರು 'ಸಮಾಧಾನದ ಸಾರ್' ಎನ್ನುತ್ತಿದ್ದರು. ಮಾತು ಮಾತಿಗೂ "ಸಮಾಧಾನ, ಸಮಾಧಾನ" ಎನ್ನುವುದು ಅವರ ಚಾಳಿ. ಡಾಕ್ಟರೂ ಬಸ್ಸೂ ಹತ್ತಿರ ಸುಳಿಯದ ಆ ತಗಡಿನ ಮನೆಗಳ ಓಣಿಗೆ, ಸಂಸಾರದ ಜಗಳ, ಮನಸ್ಸಿನ ಕಷ್ಟ ಕೇಳಿ ದಾರಿ ತೋರಿಸಲು ಸರ್ಕಾರದವರು ಅವರನ್ನು ಕಳಿಸಿದ್ದರು. 'ಮಾನಸಿಕ ಆರೋಗ್ಯ ಕೇಂದ್ರ' ಎಂಬ ಬೋರ್ಡು ಕಂಡದ್ದೇ ತಡ, ಜನ ರಸ್ತೆಯ ಆಚೆ ಬದಿಯಲ್ಲಿ ನಡೆಯತೊಡಗಿದರು. "ಅಲ್ಲಿಗೆ ಕಾಲಿಟ್ರೆ ಹುಚ್ಚ ಅಂತ ಹೆಸರಿಡ್ತಾರೆ" ಎಂದು ಎದುರಂಗಡಿಯ ದರ್ಜಿ ಸಾರಿಬಿಟ್ಟಿದ್ದ. ತಪ್ಪದೆ ಬರುತ್ತಿದ್ದದ್ದು ಒಂದು ಕುಂಟು ನಾಯಿ ಮಾತ್ರ. ಅದೂ ನೆರಳಿಗೆ.

ಅನಾಹುತದ ದಿನ ಸಂಜೆ ಮೇಲಧಿಕಾರಿ ಮೇಡಂ ಬರುವವರಿದ್ದರು. ಒಬ್ಬರಾದರೂ ಬಂದು ಮನಸ್ಸು ಬಿಚ್ಚಿ ಮಾತಾಡಿದ್ದಾರೆಂದು ತೋರಿಸದಿದ್ದರೆ ಕೇಂದ್ರಕ್ಕೆ ಬೀಗ. ಬೋರ್ಡಿನ ಮಾತು ಸುಲಭವಾಗಿದ್ದರೆ ಜನ ಬಂದಾರು ಎಂದು ಸಾರ್ ಹೊಸದೊಂದನ್ನು ಬರೆಸಲು ಕೊಟ್ಟಿದ್ದರು: 'ಮುರಿದ ಮನಗಳನ್ನು ಉಚಿತವಾಗಿ ಜೋಡಿಸಿಕೊಡಲಾಗುವುದು.'

ಬೆಳಿಗ್ಗೆ ಬಂದು ನೋಡಿದರೆ, 'ಮುರಿದ ಮನೆಗಳನ್ನು' ಎಂದಿದೆ!

"ನೀವು ಎತ್ವ ಬಿಟ್ಟಿದ್ರಿ ಸಾರ್, ನಾನೇ ಸೇರಿಸಿದೀನಿ," ಎಂದ ಬೋರ್ಡು ಬರೆಯುವವನು, ಕುಂಚ ಒರೆಸುತ್ತ. "ಓದಿದವರಿಗೂ ಒಂದೊಂದು ಸಲ ತಪ್ಪುತ್ತೆ. ಬೇಜಾರು ಮಾಡ್ಕೋಬೇಡಿ."

ಸಾರ್ ಬಾಯಿ ತೆರೆಯುವಷ್ಟರಲ್ಲಿ ಬಾಗಿಲ ಮುಂದೆ ಸಾಲು ನಿಂತಿತ್ತು. ಮೂಲೆಮನೆ ಅಜ್ಜಿ ಎಲ್ಲರನ್ನೂ ಮೊಣಕೈಯಲ್ಲಿ ಸರಿಸಿ ಮುಂದೆ ಬಂದಳು.

"ನಮ್ಮನೆ ಚಿಲಕ ಕಿತ್ತೋಗಿದೆ, ಬಾಪ್ಪಾ."

"ಅಜ್ಜೀ, ಇದು ಮನೆ ಅಲ್ಲ, ಮನ..."

"ಅದೇ ಕಣಪ್ಪಾ, ಮನೆ. ನಡಿ ನಡಿ."

ಸಾರ್ ಜನ್ಮದಲ್ಲಿ ಒಂದು ಮೊಳೆ ನೆಟ್ಟಗೆ ಹೊಡೆದವರಲ್ಲ. ದರ್ಜಿ ಎಲ್ಲಿಂದಲೋ ಸುತ್ತಿಗೆ ತಂದುಕೊಟ್ಟ, ಜೊತೆಗೆ ಉಪದೇಶವನ್ನೂ ಪುಕ್ಕಟೆ ಕೊಟ್ಟ. ಅಜ್ಜಿಯ ಮನೆ ಬಾಗಿಲಲ್ಲಿ ಮೊದಲ ಏಟು ಹೆಬ್ಬೆರಳಿಗೇ ಬಿತ್ತು.

"ಹೇಗೆ ಕಿತ್ತೋಯ್ತು ಅಜ್ಜೀ?" ಎಂದರು ಸಾರ್, ನೋವು ಮರೆಯಲು.

ಅಷ್ಟು ಸಾಕಾಯಿತು. ಸೊಸೆ ಬಾಗಿಲು ಬಡಿದದ್ದು, ಬಡಿಯುವ ಹಾಗೆ ತಾನೇ ಚುಚ್ಚಿ ಮಾತಾಡಿದ್ದು, ಮಗ ತೀರಿಕೊಂಡ ಮೇಲೆ ಇಬ್ಬರೂ ಅವನ ಹೆಸರೆತ್ತಲಾರದೆ ಪಾತ್ರೆ ಪಗಡದ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದದ್ದು, ಎಲ್ಲವನ್ನೂ ಅಜ್ಜಿ ಹೇಳಿಬಿಟ್ಟಳು. ಒಳಗಿನಿಂದ ಸೊಸೆಯ ದನಿ ಬಂತು: "ನನಗೂ ಅವರು ನೆನಪಾಗ್ತಾರೆ ಅತ್ತೇ." ಅಜ್ಜಿ ಸೆರಗಿನಿಂದ ಕಣ್ಣೊತ್ತಿಕೊಂಡಳು. ಸಾರ್ ಚಿಲಕವನ್ನು ತಲೆಕೆಳಗಾಗಿ ಕೂರಿಸಿದ್ದನ್ನು ಯಾರೂ ಗಮನಿಸಲಿಲ್ಲ.

ಹೀಗೇ ಮನೆಯಿಂದ ಮನೆಗೆ. ಎಲ್ಲ ಕಡೆ ಕೆಲಸ ಕೆಡುತ್ತಿತ್ತು, ಮಾತು ಹರಿಯುತ್ತಿತ್ತು. ಕೊನೆಗೆ ಇಸ್ತ್ರಿಯವನ ಮನೆ. ಗಂಡ ಹೆಂಡತಿ ಮಾತು ಬಿಟ್ಟು ಎಷ್ಟೋ ಕಾಲವಾಗಿತ್ತು. ಸಾರ್ ಏಣಿ ಹತ್ತಿ ಸೋರುವ ತಗಡಿಗೆ ಕೈಹಾಕಿದರು.

"ಸಾರ್, ಏಣಿ ಹಿಡ್ಕೊಳ್ಳೋಕೆ ಅವಳಿಗೆ ಹೇಳಿ."

"ಆಗ್ಲೇ ಹಿಡ್ಕೊಂಡಿದೀನಿ ಅಂತ ಅವರಿಗೆ ಹೇಳಿ ಸಾರ್. ಕಣ್ಣು ಕಾಣ್ಸಲ್ವಾ ಅಂತಾನೂ ಕೇಳಿ."

ಸುದ್ದಿ ಮುಟ್ಟಿಸಲು ಆ ಕಡೆ ಈ ಕಡೆ ತಿರುಗುವುದರಲ್ಲಿ ಸಾರ್ ಕಾಲು ಜಾರಿತು.

"ಹಿಡ್ಕೊಳ್ರೀ!" ಎಂದು ಕಿರುಚಿದಳು ಹೆಂಡತಿ.

"ಹಿಡ್ಕೊಂಡೆ ಕಣೇ!" ಎಂದ ಗಂಡ.

ಅವನು ಹಿಡಿದುಕೊಂಡದ್ದು ಹೆಂಡತಿಯನ್ನು. ಸಾರ್ ಏಣಿಯ ಪಕ್ಕದ ನೀರಿನ ಡ್ರಮ್ಮಿಗೆ ಬಿದ್ದರು. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿ ನಗತೊಡಗಿದರು. ಕುತ್ತಿಗೆಮಟ್ಟ ನೀರಿನಲ್ಲಿದ್ದರೂ ಸಾರ್‌ಗೆ ಹಿಡಿಸಲಾರದಷ್ಟು ಸಂತೋಷವಾಯಿತು. ಅದೇ ಹೊತ್ತಿಗೆ ಮೇಡಂ ಬಂದರು.

ಕೇಂದ್ರದ ಮುಂದೆ ಓಣಿಗೆ ಓಣಿಯೇ ಸೇರಿತು. "ಇವರ ಹತ್ರ ಯಾರಾದ್ರೂ ಮನಸ್ಸಿನ ಕಷ್ಟ ಹೇಳ್ಕೊಂಡಿದೀರಾ?" ಎಂದು ಮೇಡಂ ಕೇಳಿದರು.

ಎಲ್ಲರೂ ಬೆಚ್ಚಿಬಿದ್ದರು. "ಮನಸ್ಸಿನ ಕಷ್ಟಾನಾ? ನಾವೇನು ಹುಚ್ಚರಾ ಮೇಡಂ?" ಎಂದ ದರ್ಜಿ. "ಸಾರ್ ಬರೀ ರಿಪೇರಿ ಮಾಡಿದ್ರು."

"ಬಂಗಾರದಂಥ ಮೇಸ್ತ್ರಿ!" ಎಂದು ಅಜ್ಜಿ ತನ್ನ ಕೈಲಾದ ಸಹಾಯ ಮಾಡಿದಳು.

ಬೆಳಿಗ್ಗೆಯಿಂದ ಕೇಳಿದ್ದರಲ್ಲಿ ಒಂದೇ ಒಂದನ್ನು ಬಾಯಿಬಿಟ್ಟಿದ್ದರೂ ಕೇಂದ್ರ ಉಳಿಯುತ್ತಿತ್ತು. ಆದರೆ ನಂಬಿ ಹೇಳಿದ ಮಾತು ಹೊಟ್ಟೆಯಲ್ಲೇ ಇರಬೇಕು. ಸಾರ್ ಒದ್ದೆ ಅಂಗಿಯ ತುದಿ ಹಿಂಡತೊಡಗಿದರು.

ಮೇಡಂ ಎಲ್ಲರನ್ನೂ ಕಳಿಸಿ ಬಾಗಿಲು ಹಾಕಿದರು. ಬೀಗದ ಮಾತು ಬಂತು ಎಂದುಕೊಂಡರು ಸಾರ್.

"ಅಲ್ಲಾ, ನಮ್ಮನೆ ಅಡುಗೆಕೋಣೆ ಬಾಗಿಲೂ ಒಂದು ಸರಿಯಾಗಿ ಕೂರ್ತಿಲ್ಲ ನೋಡಿ," ಎಂದರು ಮೇಡಂ, ದನಿ ತಗ್ಗಿಸಿ. "ನಮ್ಮೆಜಮಾನ್ರು ನಿವೃತ್ತಿ ಆದಾಗಿಂದ ಅದನ್ನ ಬಡೀತಾರೆ. ಒಂದು ಮಾತಿಲ್ಲ, ಕತೆಯಿಲ್ಲ..."

ಆಮೇಲೆ ಬಾಗಿಲು ಎಲ್ಲೋ ಹೋಯಿತು. ಮೇಡಂ ಹೇಳುತ್ತಲೇ ಹೋದರು, ಅತ್ತರು, ಮೂಗೊರೆಸಿಕೊಂಡರು. ಸಾರ್ ಆ ದಿನ ಮೊದಲ ಸಲ ಕುರ್ಚಿಯ ಮೇಲೆ ಕೂತು ಕೇಳಿದರು.

"ಎದೆ ಹಗುರ ಆಯ್ತು ಕಣ್ರೀ," ಎಂದು ಮೇಡಂ ಎದ್ದರು.

ಸಾರ್‌ಗೆ ಹೋದ ಜೀವ ಬಂದಂತಾಯಿತು. "ಹಾಗಾದ್ರೆ ಮೇಡಂ, ಒಬ್ಬರಾದ್ರೂ ಬಂದು ಮನಸ್ಸು ಬಿಚ್ಚಿ ಮಾತಾಡಿದ್ರು ಅಂತ ಆಯ್ತಲ್ಲಾ?"

"ಯಾರು? ನಾನಾ?" ಮೇಡಂ ಕಣ್ಣು ಕೆಂಪಾಯಿತು. "ನನಗೇನ್ರೀ ಆಗಿದೆ? ನಾನು ಹೇಳಿದ್ದು ಬಾಗಿಲ ವಿಷಯ! ಈ ಓಣಿಗೆ ಮನಸ್ಸಿನ ಕೇಂದ್ರ ಬೇಕಿಲ್ಲ, ಮುಚ್ಚಿ. ರಿಪೇರಿ ಕೇಂದ್ರ ಅಂತಲೇ ನಡೀಲಿ. ನೀವು ಇಲ್ಲೇ ಇರಿ. ಭಾನುವಾರ ನಮ್ಮನೆಗೆ ಬನ್ನಿ, ಸುತ್ತಿಗೆ ಮರೀಬೇಡಿ."

ಮೇಡಂ ಹೋದದ್ದೇ ಅಜ್ಜಿ ಇಣುಕಿದಳು.

"ನಾಳೆ ಬೆಳಿಗ್ಗೆ ಮೊದಲು ನಮ್ಮನೆಗೆ ಬಾಪ್ಪಾ. ಚಿಲಕ ಕಳಚ್ಕೊಳುತ್ತೆ."

"ನಾಳೆ ಕಳಚ್ಕೊಳುತ್ತೆ ಅಂತ ಇವತ್ತೇ ಹೇಗೆ ಗೊತ್ತು ಅಜ್ಜೀ?"

"ನಾನೇ ತಾನೇ ಕಳಚೋದು. ಇನ್ನೂ ಅರ್ಧ ಮಾತು ಉಳಿದಿದೆ."

ಸಮಾಧಾನದ ಸಾರ್ ಊದಿಕೊಂಡ ಹೆಬ್ಬೆರಳನ್ನು ನೋಡಿಕೊಂಡರು. ಅದಕ್ಕೆ ಮಾತ್ರ ಇನ್ನು ಸಮಾಧಾನವಿಲ್ಲ.