ಹದಿನೇಳನೇ ನಂಬರಿನ ಲಕೋಟೆ

ಮನೆಯ ಹಿಂದೆ ಬಡಗಿಯ ಗರಗಸದ ಯಂತ್ರ ಕರ್ರೋ ಎಂದು ಅರಚತೊಡಗಿದರೆ ಪಕ್ಕದಲ್ಲಿದ್ದವರ ಮಾತೂ ಕೇಳಿಸದು. ಅದರೆದುರು ಕ್ಯಾಮೆರಾದ ಕ್ಲಿಕ್ ಯಾವ ಲೆಕ್ಕ? ಇದನ್ನು ನಂಬಿಯೇ ಅಂಚೆ ಗುಮಾಸ್ತರು ಆ ಮಹಾಸಾಹಸಕ್ಕೆ ಕೈಹಾಕಿದ್ದು. ಬಟಾಣಿ ಸುಲಿಯುತ್ತ ಹೆಂಡತಿ ಕುರ್ಚಿಯಲ್ಲೇ ನಿದ್ದೆಹೋಗಿದ್ದಳು. ಬಾಯಿ ತೆರೆದಿತ್ತು, ಗಲ್ಲಕ್ಕೊಂದು ಸಿಪ್ಪೆ ಅಂಟಿತ್ತು, ಕಿಟಕಿಯ ಬೆಳಕು ಅರ್ಧ ಮುಖಕ್ಕಷ್ಟೇ ಬಿದ್ದಿತ್ತು. ಆರು ವರ್ಷದಿಂದ ಫೋಟೋ ಕ್ಲಬ್ಬಿನಲ್ಲಿ ಸಮಾಧಾನಕರ ಬಹುಮಾನವನ್ನೂ ಕಾಣದವರು ಅಂಥ ಬೆಳಕನ್ನು ಬಿಟ್ಟಾರೆಯೇ?

("ನನ್ನನ್ನ ಕೇಳದೆ ನನ್ನ ಫೋಟೋ ತೆಗೆದ್ರೆ ಆ ಡಬ್ಬ ಅಟ್ಟ ಹತ್ತುತ್ತೆ" ಎಂದು ಆಕೆ ಹೇಳಿದ್ದು ನೆನಪಾದದ್ದು ಕ್ಲಿಕ್ ಆದ ಮೇಲೆ.)

ಪ್ರಿಂಟನ್ನು ಲಕೋಟೆಗೆ ಹಾಕಿ, ಗೋಂದು ಬಳಿದು, ತಮ್ಮ ನಂಬರು ಹದಿನೇಳನ್ನು ಬರೆದು ಚೀಲದಲ್ಲಿ ಬಚ್ಚಿಟ್ಟರು. ಹೆಂಡತಿ ಕೇಳಿದಾಗ, "ಗುಬ್ಬಚ್ಚಿ ಫೋಟೋ ಕಣೇ" ಎಂದರು.

ಸ್ಪರ್ಧೆಯ ದಿನ ಆಕೆ ಹೊಸ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಳು.

"ನೀನೆಲ್ಲಿಗೆ?"

"ಕ್ಲಬ್ಬಿಗೆ. ನಿಮ್ಮ ಗುಬ್ಬಚ್ಚೀನ ನಾನೂ ನೋಡ್ಬೇಡ್ವಾ?"

ಕ್ಲಬ್ಬಿನ ಅಧ್ಯಕ್ಷರು ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಲಕೋಟೆಗಳನ್ನು ಎಲ್ಲರೆದುರೇ ಒಡೆಯುವುದು ಅವರ ನಿಯಮ. ಗೆದ್ದವರು ವೇದಿಕೆಗೆ ಬಂದು ಫೋಟೋ ಹೇಗೆ ತೆಗೆದೆನೆಂದು ವಿವರಿಸಬೇಕು. ಬೇರೆಯವರು ತೆಗೆದದ್ದೆಂದು ಗೊತ್ತಾದರೆ ಸದಸ್ಯತ್ವವೇ ರದ್ದು.

ಹದಿನಾಲ್ಕನೆಯದು ಸೇತುವೆ. ಹದಿನೈದು, ಮುದುಕನ ಕೈ. ಗುಮಾಸ್ತರು ಹೆಂಡತಿಯ ಸೆರಗೆಳೆದರು.

"ಲೇ, ತಲೆ ಸಿಡೀತಿದೆ. ಮನೆಗೆ ಹೋಗೋಣ್ವಾ?"

"ಗುಬ್ಬಚ್ಚಿ ಹಾರಿಹೋಗುತ್ತೆ, ಸುಮ್ನೆ ಕೂತ್ಕೊಳ್ಳಿ."

ಮೇಷ್ಟ್ರು ಹದಿನೇಳರ ಲಕೋಟೆ ಹರಿದರು. ಗುಮಾಸ್ತರು ಕಣ್ಣು ಮುಚ್ಚಿದರು. ಸಭೆಯೆಲ್ಲ ಗೊಳ್ಳೆಂದಿತು. ಪಕ್ಕದಿಂದ ಪೆಟ್ಟು ಬೀಳಲಿಲ್ಲ; ಕಣ್ಣು ಬಿಟ್ಟರು.

ಅದೇ ಕುರ್ಚಿ, ಅದೇ ಕಿಟಕಿ, ಅದೇ ಬೆಳಕು. ಆದರೆ ಬನಿಯನ್ನಿನಲ್ಲಿ, ಅಂಚೆಪೆಟ್ಟಿಗೆಯಂತೆ ಬಾಯಿ ತೆರೆದು ಮಲಗಿದ್ದವರು ಸಾಕ್ಷಾತ್ ಅಂಚೆ ಗುಮಾಸ್ತರು!

ಹೆಂಡತಿ ಕಿವಿಯ ಬಳಿ ಬಾಗಿದಳು. "ಲಕೋಟೆ ಆವಿಗೆ ಹಿಡಿದ್ರೆ ಗೋಂದು ಬಿಟ್ಕೊಳ್ಳುತ್ತೆ ಅಂತ ಹೇಳ್ಕೊಟ್ಟೋರು ನೀವೇ. ಇನ್ನು ಆ ಗರಗಸದ ಸದ್ದಲ್ಲಿ ಏನೂ ಕೇಳ್ಸಲ್ಲ ರೀ, ನಿಮ್ಮ ಗೊರಕೆ ಒಂದು ಬಿಟ್ಟು."

"ಮೊದಲ ಬಹುಮಾನ, ಹದಿನೇಳು!" ಉಳಿದ ಲಕೋಟೆಗಳೂ ಮುಗಿದ ಮೇಲೆ ಮೇಷ್ಟ್ರು ಘೋಷಿಸಿದರು. "ಬನ್ನಿ ಗುಮಾಸ್ತರೇ. ಇಂಥಾ ನಿದ್ದೇಲಿ ನಿಮ್ಮ ಫೋಟೋ ನೀವೇ ಹೇಗೆ ತೆಗೆದ್ರಿ, ಹೇಳಿ."

ಗುಮಾಸ್ತರು ವೇದಿಕೆ ಹತ್ತಿದರು. ಟೈಮರ್ ಇಟ್ಟೆ ಎಂದರೆ, ಬೇಕೆಂದೇ ಹೀಗೆ ಬಾಯಿ ತೆರೆದೆ ಎಂದಂತೆ. ನಿಜ ಹೇಳಿದರೆ ಕ್ಲಬ್ಬೇ ಇಲ್ಲ.

"ಬೆಳಕು ಕಿಟಕಿಯಿಂದ ಬರ್ತಿತ್ತು..."

"ಬೆಳಕು ಕಾಣಿಸ್ತಿದೆ. ತೆಗೆದದ್ದು ಹೇಗೆ?"

ಗುಮಾಸ್ತರು ಮತ್ತೊಮ್ಮೆ ನೋಡಿದರು. ಒಳ್ಳೆಯ ಫೋಟೋ. ಆರು ವರ್ಷದಲ್ಲಿ ಇಷ್ಟು ಒಳ್ಳೆಯದು ತಮ್ಮ ಕೈಯಿಂದ ಒಂದೂ ಬಂದಿರಲಿಲ್ಲ. ಸಂಕಟವಾದದ್ದು ಅದಕ್ಕೇ. ಕೊರಳಿನ ಕ್ಯಾಮೆರಾ ತೆಗೆದು, ಕೆಳಗಿಳಿದು, ಹೆಂಡತಿಯ ಮಡಿಲಲ್ಲಿಟ್ಟರು.

"ಇವಳನ್ನೇ ಕೇಳಿ ಮೇಷ್ಟ್ರೇ."

ಮೇಷ್ಟ್ರು ಸದಸ್ಯರ ಪುಸ್ತಕ ತೆರೆದು ಹದಿನೇಳರ ಮುಂದಿನ ಹೆಸರಿಗೆ ಗೀಟೆಳೆದು, ಪೆನ್ನನ್ನು ಆಕೆಯತ್ತ ಚಾಚಿದರು. ಗುಮಾಸ್ತರು ಬಾಗಿಲತ್ತ ಹೊರಟರು.

"ರೀ, ಅಲ್ಲೇ ನಿಂತ್ಕೊಳ್ಳಿ, ಬೆಳಕು ಚೆನ್ನಾಗಿದೆ!"

ಬೆನ್ನ ಹಿಂದೆ ಕ್ಲಿಕ್. ಇಲ್ಲಿ ಗರಗಸವಿರಲಿಲ್ಲ, ಸ್ಪಷ್ಟವಾಗಿ ಕೇಳಿಸಿತು.

"ನನ್ನನ್ನ ಕೇಳದೆ ನನ್ನ ಫೋಟೋ ತೆಗೆದ್ರೆ ಆ ಡಬ್ಬ..." ಎನ್ನುತ್ತ, ಹಿಂತಿರುಗಿ ನೋಡದೆ, ಗುಮಾಸ್ತರು ಮೆಟ್ಟಿಲಿಳಿದು ನಡೆದೇಬಿಟ್ಟರು.