ಪಕ್ಕದ ಸೀಟು

ಟೀಗನ್‌ಗೂ ಅವಳ ಲೈಸೆನ್ಸಿಗೂ ನಡುವೆ ಉಳಿದಿದ್ದು ಬರೀ ಅರ್ಧ ಗಂಟೆ. ಕಾರಿಗೆ ಹಳದಿ L ಫಲಕ ಅಂಟಿಸಿ, ಪೂರ್ತಿ ಲೈಸೆನ್ಸು ಇರುವ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ನೂರಿಪ್ಪತ್ತು ಗಂಟೆ ಓಡಿಸಬೇಕು. ಹದಿನೇಳರ ಹುಡುಗಿ ನೂರಹತ್ತೊಂಬತ್ತೂವರೆ ಮುಗಿಸಿದ್ದಳು. ಪರೀಕ್ಷೆ ಆ ಶುಕ್ರವಾರ ಹನ್ನೊಂದಕ್ಕೆ, ಮುಕ್ಕಾಲು ಗಂಟೆ ದೂರದ ಪೇಟೆಯಲ್ಲಿ. ಪಾಸಾದರೆ L ಬದಲು ಹೊಸ ಚಾಲಕರ ಕೆಂಪು P ಫಲಕ, ಪಕ್ಕದ ಸೀಟು ಖಾಲಿ. ಸಂಜೆ ಯಾರ ಉಪದೇಶವೂ ಇಲ್ಲದೆ ಒಬ್ಬಳೇ ಅಣೆಕಟ್ಟೆಗೆ ಹೋಗಿಬರಬೇಕೆಂದು ಅವಳು ಹಟ ತೊಟ್ಟಿದ್ದಳು.

ಅಪ್ಪ ಕುರಿಗಳ ಉಣ್ಣೆ ಕತ್ತರಿಸಲು ಹೋಗಿದ್ದರಿಂದ ಪಕ್ಕದಲ್ಲಿ ಅಜ್ಜಿ ನೊರೀನ್ ಕೂತಳು. ಕಾರು ಹೇಗೂ ಪೇಟೆಗೆ ಹೋಗುತ್ತದಲ್ಲ ಎಂದು ನೆರೆಮನೆಯ ನಿವೃತ್ತ ಪೋಸ್ಟ್‌ಮ್ಯಾನ್ ಕ್ಲೆಮ್, ತಂಗಿಗೆಂದು ತಂದ ಕೆನೆ ಮೆತ್ತಿದ ಪಾವ್ಲೋವಾ ಕೇಕಿನ ತಟ್ಟೆ ಹಿಡಿದು ಹಿಂದೆ ಹತ್ತಿದ.

ಅಜ್ಜಿ ನಿಧಾನ ಅಂದರೆ ಕ್ಲೆಮ್ ಬೇಗ ಅಂದ. ವೃತ್ತದಲ್ಲಿ ಒಬ್ಬರು ಎಡ, ಒಬ್ಬರು ಬಲ. ಟೀಗನ್ ಗಾಣದ ಎತ್ತಿನಂತೆ ಮೂರು ಸುತ್ತು ಹಾಕಿದಳು. ಕಾಂಗರೂ ಅಡ್ಡ ಬಂದು ಅವಳು ಬ್ರೇಕು ಒತ್ತಿದ ಮೇಲೆ ಇಬ್ಬರೂ ಬ್ರೇಕು ಎಂದು ಕೂಗಿದರು. ಪಾವ್ಲೋವಾ ಹಾರಿ ಅಜ್ಜಿಯ ಕತ್ತಿನ ಹಿಂದೆ ಕೂತಿತು.

"ಅದಕ್ಕೇ ನಿಧಾನ ಅಂದಿದ್ದು," ಎಂದಳು ಅಜ್ಜಿ, ಕೆನೆ ಒರೆಸಿಕೊಳ್ಳುತ್ತ.

"ನಾನಿವತ್ತು ಪಾಸಾಗೇ ಆಗ್ತೀನಿ ಅಜ್ಜಿ. ಆಮೇಲೆ ಮನೇಲಿ ಕೂತ್ಕೊಂಡು ಎಷ್ಟು ಬೇಕಾದ್ರೂ ಹೇಳು."

ಹಲ್ಲು ಕಚ್ಚಿ ಓಡಿಸಿದಳು, ಪಾಸೂ ಆದಳು. ಕೆಂಪು P ಅಂಟಿಸಿ ಅಜ್ಜಿಯನ್ನು ಹಿಂದಿನ ಸೀಟಿಗೆ ಕಳಿಸಿದಳು. ಖಾಲಿ ಸೀಟು ನೋಡಿ ನೋಡಿ ಅವಳಿಗೆ ಹಿಗ್ಗೋ ಹಿಗ್ಗು.

ಹಿಂದೆ ಕ್ಲೆಮ್ ನಿಯಮಗಳ ಹಾಳೆಯನ್ನು ಗಟ್ಟಿಯಾಗಿ ಓದುತ್ತಿದ್ದ: ತೊಂಬತ್ತರ ಮೇಲೆ ಓಡಿಸಬಾರದು, ಫೋನ್ ಮುಟ್ಟಬಾರದು, ಕುಡಿಯಬಾರದು.

"ಒಂದು ತೊಟ್ಟೂ ಕುಡಿಯೋ ಹಾಗಿಲ್ವಾ?" ಅಜ್ಜಿ ಕೇಳಿದಳು.

"ಒಂದು ತೊಟ್ಟೂ ಇಲ್ಲ. ಕೆಂಪು P ಒಂದು ವರ್ಷ, ಹಸಿರು P ಎರಡು. ಒಟ್ಟು ಮೂರು ವರ್ಷ, ನೊರೀನ್."

ಆಮೇಲೆ ದಾರಿಯುದ್ದಕ್ಕೂ ಇಬ್ಬರೂ ತುಟಿ ಬಿಚ್ಚಲಿಲ್ಲ. ಕೊನೆಗೂ ತನಗೆ ಬೆಲೆ ಬಂತು ಎಂದುಕೊಂಡಳು ಟೀಗನ್.

ಸಂಜೆ ಅಣೆಕಟ್ಟೆಗೆ ಹೊರಟವಳು ಗೇಟು ದಾಟಲಿಲ್ಲ. ಅಜ್ಜಿ, ಕ್ಲೆಮ್, ಮುದುಕರು ಚೆಂಡು ಉರುಳಿಸಿ ಆಡುವ ಬೌಲ್ಸ್ ಕ್ಲಬ್ಬಿನ ಇನ್ನಿಬ್ಬರು ಇಸ್ತ್ರಿ ಬಟ್ಟೆ ಹಾಕಿಕೊಂಡು ಅಡ್ಡ ನಿಂತಿದ್ದರು. ಶುಕ್ರವಾರ ಕ್ಲಬ್ಬಿನಲ್ಲಿ ಗೆದ್ದವರಿಗೆ ಮಾಂಸ ಕೊಡುವ ಲಾಟರಿ, ಜೊತೆಗೆ ಬಿಯರು.

"ಯಾರನ್ನಾದ್ರೂ ಬೇರೆಯವರನ್ನ ಕರ್ಕೊಳ್ಳಿ," ಎಂದಳು ಟೀಗನ್.

"ಬೇರೆಯವರೆಲ್ಲ ಕುಡೀತಾರೆ ಪುಟ್ಟಿ," ಎಂದಳು ಅಜ್ಜಿ. "ಇವತ್ತು ಬೆಳಗಿನವರೆಗೂ ನಿನ್ನ ಪಕ್ಕ ಕೂರೋಕೆ ನಮ್ಮಲ್ಲೊಬ್ಬರು ಕುಡೀದೇ ಇರಬೇಕಿತ್ತು. ಇನ್ಮೇಲೆ ಆ ಕಷ್ಟವೂ ತಪ್ತು."

ಹಿಂದೆ ಮೂವರು ತುರುಕಿಕೊಂಡರು. ಅಜ್ಜಿ ಪಕ್ಕದ ಸೀಟಿನಲ್ಲಿ ಕೂತು ಬೆಲ್ಟು ಬಿಗಿದುಕೊಂಡು, ನಿಧಾನ ಎಂದಳು.